ಸಂತಾನವೂ ಶಾಸನವೂ



ದತ್ತಿ ಉಪನ್ಯಾಸವೆಂದರೆ ಕವಿಯೊಬ್ಬನ ಕಾವ್ಯವನ್ನೋ ಶರಣರ ವಚನಗಳನ್ನೋ ಕುರಿತು ನಾಲ್ಕು ಮಾತು ಆಡುವುದು ನಮ್ಮಲ್ಲಿ ರೂಢಿಯಾಗಿ ಬಂದಿರುವಾಗ, ನ್ಯಾಯಾಲಯದ ಕಟಕಟೆಗೂ ಆಸ್ಪತ್ರೆಯ ಒಳಕೋಣೆಗೂ ಸೇರಿದ ಬಾಡಿಗೆ ತಾಯ್ತನವೆಂಬ ವಿಷಯವನ್ನು ಆರಿಸಿಕೊಂಡುದಕ್ಕೆ ನಾನು ಕಾರಣ ಹೇಳಬೇಕಾದೀತು. ಮಕ್ಕಳಿಲ್ಲದವರ ದುಃಖ ಯಾವ ಕಾಲಕ್ಕೂ ಹೊಸದಲ್ಲ. ಹಿಂದೆ ಉಚ್ಚಂಗಿದುರ್ಗದ ಬೆಟ್ಟವನ್ನು ಹತ್ತಿ ಹರಕೆ ಹೊರುತ್ತಿದ್ದ ದಂಪತಿಗಳು ಇಂದು ಆ ಹರಕೆಯನ್ನೂ ಬಿಡದೆ, ದಾವಣಗೆರೆಯಲ್ಲಿ ಬಸ್ಸಿಳಿದು ವೈದ್ಯರ ಬಾಗಿಲಿನಲ್ಲಿಯೂ ಕಾಯುತ್ತಾರೆ. ಆ ಬಾಗಿಲಿನ ಆಚೆಗೆ ಏನು ಸಾಧ್ಯವೆಂಬುದನ್ನು ವೈದ್ಯರು ಹೇಳುತ್ತಾರೆ. ಏನು ಸಲ್ಲುತ್ತದೆ, ಏನು ಸಲ್ಲದು, ಹಾಗೆ ಹುಟ್ಟಿದ ಶಿಶುವಿಗೆ ಹೊಣೆಗಾರರು ಯಾರು ಎಂಬುದನ್ನು ಹೇಳತಕ್ಕದ್ದು ಶಾಸನ. ಅದನ್ನು ಅರಿಯದೆ ಮೋಸಹೋದವರು ನಮ್ಮ ನಾಡಿನಲ್ಲಿಯೇ ಇದ್ದಾರಾದ್ದರಿಂದ, ನಗರದ ಸಭಾಂಗಣಕ್ಕಿಂತ ಕಡರನಾಯಕನಹಳ್ಳಿಯಂಥ ಊರಿನ ಕಟ್ಟೆಯ ಮೇಲೆಯೇ ಈ ವಿಚಾರ ಆಗುವುದು ಹೆಚ್ಚು ಉಚಿತವೆಂದು ನನಗೆ ತೋರಿತು.

ಮಗು ಯಾರದು ಎಂಬ ಪ್ರಶ್ನೆಯನ್ನು ವಿಜ್ಞಾನವು ನಿನ್ನೆ ಮೊನ್ನೆ ತಂದೊಡ್ಡಿತೆಂದು ಭಾವಿಸುವುದು ಸರಿಯಲ್ಲ. ನಮ್ಮ ಧರ್ಮಶಾಸ್ತ್ರಕಾರರು ಹನ್ನೆರಡು ಬಗೆಯ ಪುತ್ರರನ್ನು ಎಣಿಸಿದರು: ವಿವಾಹಿತ ಪತ್ನಿಯಲ್ಲಿ ಸ್ವಂತಕ್ಕೆ ಹುಟ್ಟಿದವನು ಔರಸ, ಪತಿಯ ಪರವಾಗಿ ನಿಯುಕ್ತನಾದ ಅನ್ಯನಿಂದ ಪತ್ನಿಯಲ್ಲಿ ಹುಟ್ಟಿದವನು ಕ್ಷೇತ್ರಜ, ತಂದೆತಾಯಿಗಳು ಕೊಟ್ಟವನು ದತ್ತಕ, ಬೆಲೆಗೆ ಕೊಂಡವನು ಕ್ರೀತ, ಹೀಗೆ ಪಟ್ಟಿ ಬೆಳೆಯುತ್ತದೆ. ಬಿತ್ತಿದವನಿಗೆ ಪೈರು ಸೇರಬೇಕೋ ಹೊಲದ ಒಡೆಯನಿಗೆ ಸೇರಬೇಕೋ ಎಂದು ಅವರು ನಡೆಸಿದ ಬೀಜಕ್ಷೇತ್ರಗಳ ವಾದವು ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ತಾಲ್ಲೂಕಿನವರಾದ ತಮಗೆ ಬೇಗನೆ ಅರ್ಥವಾಗುವಂಥದು. ಆದರೆ ಆ ವಾದದಲ್ಲಿ ಕ್ಷೇತ್ರವೆನಿಸಿದ ಹೆಣ್ಣಿಗೂ ಪೈರೆನಿಸಿದ ಮಗುವಿಗೂ ಬಾಯಿಲ್ಲ. ವ್ಯಾಜ್ಯವೆಲ್ಲ ಇಬ್ಬರು ಒಡೆಯರ ನಡುವಣದು. ಪಿಂಡ ಹಾಕುವವನು ಯಾರು, ಆಸ್ತಿಗೆ ವಾರಸುದಾರನು ಯಾರು ಎಂಬುದೇ ಪುತ್ರವಿಚಾರದ ಮೂಲ ಕಾಳಜಿಯಾಗಿದ್ದಿತು.

ಈ ಪರಂಪರೆಯೊಳಗೆಯೇ ನಮ್ಮ ನಾಡಿನ ಒಬ್ಬ ಮಹಾಮತಿಯು ಬೇರೊಂದು ದಾರಿಯನ್ನು ತೆರೆದನೆಂಬುದು ಅಭಿಮಾನದಿಂದ ನೆನೆಯತಕ್ಕ ಸಂಗತಿ. ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ಬಾಳಿದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಬಂಗಾಳವೊಂದನ್ನು ಬಿಟ್ಟು ಭಾರತದ ಬಹುಭಾಗಕ್ಕೆ ಅದೇ ದಾಯಭಾಗದ ಪ್ರಮಾಣಗ್ರಂಥವಾಯಿತು. ಸಪಿಂಡ ಸಂಬಂಧಕ್ಕೆ ಶ್ರಾದ್ಧದ ಪಿಂಡವೇ ಆಧಾರವೆಂಬ ಪಕ್ಷವನ್ನು ಬಿಟ್ಟು, ಒಂದೇ ಶರೀರದ ಅವಯವಗಳು ಒಬ್ಬರಿಂದ ಒಬ್ಬರಿಗೆ ಹರಿದುಬರುವುದರಿಂದ ಸಪಿಂಡತ್ವವು ಉಂಟಾಗುತ್ತದೆಂದೂ, ಮಗುವಿಗೆ ತಂದೆಯೊಡನೆ ಇರುವಂತೆಯೇ ತಾಯಿಯೊಡನೆಯೂ ಆ ಸಂಬಂಧವಿದೆಯೆಂದೂ ಅವನು ಸಾಧಿಸಿದನು. ರಕ್ತಸಂಬಂಧವೇ ಸಂಬಂಧವೆಂದು ಇಂದಿಗೂ ನಮ್ಮ ಹಳ್ಳಿಗಳಲ್ಲಿ ಆಡುವ ಮಾತಿನ ಶಾಸ್ತ್ರೀಯ ರೂಪವೇ ಇದು. ಕಾಲಕ್ರಮದಲ್ಲಿ ಕಲಿಯುಗಕ್ಕೆ ವರ್ಜ್ಯವೆಂಬ ನೆವದಿಂದ ಉಳಿದ ಪುತ್ರರೆಲ್ಲ ಮರೆಯಾಗಿ ಔರಸ ದತ್ತಕರಿಬ್ಬರೇ ಉಳಿದರು. ದತ್ತಕ ವಿಧಿಯೂ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮದಿಂದ ಹೊಸ ರೂಪವನ್ನು ತಾಳಿ, ಹೆಣ್ಣುಮಗುವನ್ನೂ ದತ್ತು ಪಡೆಯುವುದಕ್ಕೆ ಅವಕಾಶವಾಯಿತು.

ವಿಜ್ಞಾನೇಶ್ವರನ ಆ ಅವಿಚ್ಛಿನ್ನ ಶರೀರಸೂತ್ರವನ್ನು ಕಡಿದದ್ದು ಇಪ್ಪತ್ತನೆಯ ಶತಮಾನದ ಪ್ರಯೋಗಶಾಲೆ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಜನಿಸಿತು. ಅದೇ ವರ್ಷದ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾಕ್ಟರ್ ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಎರಡನೆಯದು ಜನಿಸಿತು. ಮುಖರ್ಜಿಯವರ ಮಾತನ್ನು ಸ್ವದೇಶದ ಅಧಿಕಾರಿಗಳು ನಂಬದೆ ಹೋದರು. 1981ರಲ್ಲಿ ಅವರು ತಮ್ಮ ಕೈಯಾರೆ ಜೀವವನ್ನು ಕಳೆದುಕೊಂಡರು. 1986ರ ಆಗಸ್ಟಿನಲ್ಲಿ ಮುಂಬಯಿಯಲ್ಲಿ ಡಾಕ್ಟರ್ ಇಂದಿರಾ ಹಿಂದೂಜಾ ಅವರೊಡನೆ ಪ್ರನಾಳ ಶಿಶುವಿನ ಜನನಕ್ಕೆ ಕಾರಣರಾಗಿದ್ದ ವಿಜ್ಞಾನಿ ಟಿ. ಸಿ. ಆನಂದಕುಮಾರರು, ಮುಖರ್ಜಿಯವರ ದಿನಚರಿಗಳನ್ನು ಪರಿಶೀಲಿಸಿ, ಪ್ರಥಮ ಸ್ಥಾನವು ತಮ್ಮದಲ್ಲ ಅವರದೇ ಎಂದು 1997ರಲ್ಲಿ ಸಾರಿದರು. ಪ್ರನಾಳ ಶಿಶುವಿನ ಈ ವಿಧಾನದಿಂದ ಶಾಸನಕ್ಕೆ ಒದಗಿದ ತೊಡಕು ಯಾವುದೆಂದರೆ, ಅಂಡಾಣುವನ್ನು ಕೊಟ್ಟವಳೊಬ್ಬಳು, ಒಂಬತ್ತು ತಿಂಗಳು ಹೊತ್ತವಳೊಬ್ಬಳು, ಮಡಿಲಲ್ಲಿಟ್ಟು ಬೆಳೆಸುವವಳೊಬ್ಬಳು ಎಂದು ತಾಯ್ತನವು ಮೂರು ಭಾಗವಾಗುವುದು ಸಾಧ್ಯವಾಯಿತು. ನಮ್ಮ ಸಾಕ್ಷ್ಯಶಾಸನವಾದರೋ 1872ರಿಂದಲೂ ಬೇರೊಂದು ಊಹೆಯ ಮೇಲೆ ನಿಂತಿತ್ತು. ವಿವಾಹವು ಊರ್ಜಿತವಾಗಿರುವಾಗ, ಅಥವಾ ಅದು ಮುಗಿದು ಸ್ತ್ರೀಯು ಮರುಮದುವೆಯಾಗದೆ ಇರುವಲ್ಲಿ 280 ದಿನಗಳೊಳಗೆ, ಆಕೆ ಹೆತ್ತ ಮಗು ಆಕೆಯ ಗಂಡನದೇ ಎಂಬುದು ಅದರ 112ನೆಯ ಪ್ರಕರಣ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೆಯ ಪ್ರಕರಣವೂ ಅದನ್ನೇ ಹೇಳುತ್ತದೆ. ಅನ್ಯರಿಗಾಗಿ ಹೆತ್ತ ವಿವಾಹಿತ ಸ್ತ್ರೀಯ ವಿಷಯದಲ್ಲಿ ಈ ಊಹೆಯನ್ನೇ ಹಿಡಿದು ಹೊರಟರೆ, ಆ ಮಗುವಿಗೆ ಯಾವ ಸಂಬಂಧವೂ ಇಲ್ಲದ ಆಕೆಯ ಗಂಡನೇ ತಂದೆಯಾಗಿಬಿಡುತ್ತಾನೆ.

ಹೀಗೆ ಹಳೆಯ ಶಾಸನವು ಸಾಲದೆ ಹೊಸ ಶಾಸನವು ಬಾರದೆ ಇದ್ದ ಅಂತರಾಳದಲ್ಲಿ ವ್ಯಾಪಾರವು ನುಗ್ಗಿತು. ಗುಜರಾತಿನ ಆಣಂದ್ ಪಟ್ಟಣವು ಹಾಲಿನ ಸಹಕಾರಕ್ಕೆ ಹೆಸರಾದಂತೆ, ಹೊರದೇಶದ ದಂಪತಿಗಳಿಗಾಗಿ ಬಡ ಹೆಣ್ಣುಮಕ್ಕಳು ಗರ್ಭ ಧರಿಸುವ ಸ್ಥಳವೆಂದೂ ಹೆಸರಾಯಿತು. 2008ರಲ್ಲಿ ಅಲ್ಲಿ ಜಪಾನೀ ದಂಪತಿಗಳಿಗಾಗಿ ಹುಟ್ಟಬೇಕಾಗಿದ್ದ ಹೆಣ್ಣುಮಗು ಇನ್ನೂ ಗರ್ಭದಲ್ಲಿರುವಾಗಲೇ ಆ ದಂಪತಿಗಳು ವಿಚ್ಛೇದನ ಹೊಂದಿದರು. ಮಗುವನ್ನು ಬೇಡಿದ ಪತ್ನಿಯಾಗಲಿ, ಅಂಡಾಣು ಕೊಟ್ಟ ಅಜ್ಞಾತ ಸ್ತ್ರೀಯಾಗಲಿ, ಹೆತ್ತವಳಾಗಲಿ ತಾಯಿಯ ಸ್ಥಾನಕ್ಕೆ ಬಾರದೆ, ತಂದೆಯ ತಾಯಿ ಮುದುಕಿಯೊಬ್ಬಳು ಸಮುದ್ರ ದಾಟಿ ಬಂದು ಸರ್ವೋಚ್ಚ ನ್ಯಾಯಾಲಯದವರೆಗೆ ಹೋರಾಡಿ ಮೊಮ್ಮಗಳನ್ನು ಕರೆದೊಯ್ದಳು. ಅದೇ ಊರಿನಲ್ಲಿ ಹುಟ್ಟಿದ ಜರ್ಮನ್ ತಂದೆಯ ಅವಳಿ ಮಕ್ಕಳನ್ನು ಆ ದೇಶವು ತನ್ನವರೆಂದು ಒಪ್ಪದೆ ಹೋದಾಗ, ಹೆತ್ತವಳು ಭಾರತೀಯಳಾದ್ದರಿಂದ ಮಕ್ಕಳೂ ಭಾರತೀಯರೆಂದು ಗುಜರಾತ್ ಉಚ್ಚ ನ್ಯಾಯಾಲಯವು 2009ರಲ್ಲಿ ತೀರ್ಪಿತ್ತಿತು. 2005ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮಾರ್ಗಸೂಚಿಗಳನ್ನು ಹೊರಡಿಸಿತ್ತಾದರೂ ಅವುಗಳಿಗೆ ಶಾಸನದ ಬಲವಿರಲಿಲ್ಲ. 2009ರ ಆಗಸ್ಟಿನಲ್ಲಿ ಕಾನೂನು ಆಯೋಗವು ತನ್ನ 228ನೆಯ ವರದಿಯಲ್ಲಿ ಶಾಸನದ ಅಗತ್ಯವನ್ನು ಎತ್ತಿ ಹೇಳಿತು. 2015ರಲ್ಲಿ ವಿದೇಶೀಯರಿಗೆ ಬಾಗಿಲು ಮುಚ್ಚಿತು.

ಕೊನೆಗೆ 2021ರಲ್ಲಿ ಅವಳಿ ಶಾಸನಗಳು ಸಂಸತ್ತಿನಲ್ಲಿ ಅಂಗೀಕಾರವಾಗಿ, 2022ರ ಜನವರಿ 25ರಿಂದ ಜಾರಿಗೆ ಬಂದವು: ಒಂದು, ಬಾಡಿಗೆ ತಾಯ್ತನ ನಿಯಂತ್ರಣ ಅಧಿನಿಯಮ, ಇನ್ನೊಂದು, ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಅಧಿನಿಯಮ. ಮೊದಲನೆಯದರ ಮುಖ್ಯಾಂಶಗಳನ್ನು ತಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹಣಕ್ಕಾಗಿ ಗರ್ಭ ಧರಿಸುವುದೂ ಧರಿಸುವಂತೆ ಮಾಡುವುದೂ ನಿಷಿದ್ಧ; ವೈದ್ಯಕೀಯ ವೆಚ್ಚ, ನಿಯಮಗಳಲ್ಲಿ ಹೇಳಿದ ಇತರ ವೆಚ್ಚ, ಹೆರುವವಳ ಹೆಸರಿನಲ್ಲಿ 36 ತಿಂಗಳ ವಿಮೆ, ಇಷ್ಟನ್ನು ಬಿಟ್ಟು ಬಿಡಿಗಾಸೂ ಕೈ ಬದಲಾಯಿಸತಕ್ಕದ್ದಲ್ಲ. ಇದನ್ನು ಮೀರಿ ದಂಧೆ ನಡೆಸಿದವರಿಗೆ 10 ವರ್ಷಗಳವರೆಗೆ ಕಾರಾಗೃಹ, 10 ಲಕ್ಷ ರೂಪಾಯಿಗಳವರೆಗೆ ದಂಡ. ಮಗುವನ್ನು ಬಯಸುವ ದಂಪತಿಗಳಲ್ಲಿ ಪತ್ನಿಗೆ 23ರಿಂದ 50, ಪತಿಗೆ 26ರಿಂದ 55 ವಯಸ್ಸಿನ ಮಿತಿ. ಮಾನಸಿಕ ಅಥವಾ ದೈಹಿಕ ವೈಕಲ್ಯ ಇಲ್ಲವೆ ಮಾರಕ ವ್ಯಾಧಿಯುಳ್ಳ ಮಗುವಿನ ಹೊರತು ಬೇರೆ ಮಗು ಅವರಿಗೆ ಇರಕೂಡದು. ಒಂಟಿ ಸ್ತ್ರೀಯರಲ್ಲಿ ವಿಧವೆಗೆ ಅಥವಾ ವಿಚ್ಛೇದಿತೆಗೆ ಮಾತ್ರ, ಅದೂ 35ರಿಂದ 45ರ ವಯಸ್ಸಿನೊಳಗೆ, ಅವಕಾಶ. ಹೆರಲು ಮುಂದೆ ಬರುವವಳು ವಿವಾಹವಾದವಳಾಗಿ, ಸ್ವಂತ ಮಗುವುಳ್ಳವಳಾಗಿ, 25ರಿಂದ 35 ವಯಸ್ಸಿನವಳಾಗಿರಬೇಕು; ಜೀವಮಾನದಲ್ಲಿ ಒಮ್ಮೆ ಮಾತ್ರ ಆಕೆ ಈ ಕಾರ್ಯಕ್ಕೆ ಒಪ್ಪಬಹುದು, ತನ್ನ ಸ್ವಂತ ಅಂಡಾಣುವನ್ನು ಕೊಡತಕ್ಕದ್ದಲ್ಲ.

ಕಡರನಾಯಕನಹಳ್ಳಿಯ ದಂಪತಿಗಳೊಬ್ಬರು ಈ ಮಾರ್ಗವನ್ನು ಹಿಡಿಯಬೇಕಾಯಿತೆಂದು ಕಲ್ಪಿಸಿಕೊಳ್ಳೋಣ. ಗರ್ಭಾಶಯವಿಲ್ಲದಿರುವುದು ಅಥವಾ ಅದನ್ನು ತೆಗೆದಿರುವುದು, ಪ್ರನಾಳ ವಿಧಾನವು ಮತ್ತೆ ಮತ್ತೆ ವಿಫಲವಾದುದು, ಕಾರಣ ತಿಳಿಯದೆ ಗರ್ಭಗಳು ಕಳೆದುಹೋದುದು, ಗರ್ಭ ಧರಿಸಿದರೆ ಪ್ರಾಣಾಪಾಯವಾಗುವಂಥ ವ್ಯಾಧಿ ಇರುವುದು, ಇಂಥ ಕಾರಣವಿದೆಯೆಂದು ಜಿಲ್ಲಾ ವೈದ್ಯಕೀಯ ಮಂಡಳಿಯಿಂದ ಪ್ರಮಾಣಪತ್ರವನ್ನು ಮೊದಲು ಪಡೆಯಬೇಕು. ತರುವಾಯ, ಹೆರಲು ಒಪ್ಪಿದವಳನ್ನೂ ಜೊತೆಗೂಡಿಸಿಕೊಂಡು ಪ್ರಥಮ ದರ್ಜೆಯ ದಂಡಾಧಿಕಾರಿಗಳ ನ್ಯಾಯಾಲಯಕ್ಕೆ ಅರ್ಜಿ ಕೊಟ್ಟು, ಹುಟ್ಟಲಿರುವ ಮಗುವಿನ ಮಾತಾಪಿತೃತ್ವ ಮತ್ತು ಪಾಲನೆಯನ್ನು ಕುರಿತ ಆದೇಶವನ್ನು ಪಡೆಯಬೇಕು. ಬಳಿಕ ಅರ್ಹತೆಯ ಪ್ರಮಾಣಪತ್ರ. ಇಷ್ಟಾದ ಮೇಲೆಯೇ ನೋಂದಾಯಿತ ಚಿಕಿತ್ಸಾಲಯ. ಈ ಕ್ರಮದಲ್ಲಿ ಅಡಗಿರುವ ವಿವೇಕವನ್ನು ಗಮನಿಸಿ: ಮಗು ಹುಟ್ಟಿದ ಮೇಲೆ ಅದರ ತಂದೆತಾಯಿ ಯಾರೆಂದು ಹುಡುಕುವ ಜಪಾನೀ ಶಿಶುವಿನ ಪಾಡು ಮರುಕಳಿಸದಂತೆ, ಗರ್ಭ ನಿಲ್ಲುವುದಕ್ಕೆ ಮುಂಚೆಯೇ ಆ ಪ್ರಶ್ನೆಗೆ ಉತ್ತರವನ್ನು ಬರೆಯಿಸಿ ಮುದ್ರೆ ಹಾಕಿಸಿಕೊಳ್ಳುತ್ತದೆ ಶಾಸನ. ಆ ಆದೇಶವೇ ಮುಂದೆ ಜನನದ ಪ್ರಮಾಣವಾಗುತ್ತದೆ. ಹಾಗೆ ಹುಟ್ಟಿದ ಮಗು ಆ ದಂಪತಿಗಳ ಸ್ವಂತ ಮಗುವೆಂದೇ ಭಾವಿಸಲ್ಪಟ್ಟು ಸಹಜ ಸಂತಾನದ ಎಲ್ಲ ಹಕ್ಕುಗಳಿಗೂ ಪಾತ್ರವಾಗುತ್ತದೆ. ಹೆಣ್ಣಾಯಿತೆಂದೋ ಅವಳಿಯಾಯಿತೆಂದೋ ಅಂಗವಿಕಲವೆಂದೋ ಅದನ್ನು ಒಲ್ಲೆನೆನ್ನುವ ಹಕ್ಕು ಯಾರಿಗೂ ಇಲ್ಲ.

ಎರಡನೆಯ ಅಧಿನಿಯಮವು ಚಿಕಿತ್ಸಾಲಯಗಳನ್ನೂ ಅಂಡಾಣು ವೀರ್ಯಾಣುಗಳ ಬ್ಯಾಂಕುಗಳನ್ನೂ ನೋಂದಣಿಗೆ ಒಳಪಡಿಸುತ್ತದೆ. ಅಂಡಾಣು ಕೊಡುವವಳು 23ರಿಂದ 35ರೊಳಗಿನವಳಾಗಿರಬೇಕು, ಜೀವಮಾನದಲ್ಲಿ ಒಮ್ಮೆ ಮಾತ್ರ ಕೊಡಬೇಕು, ಏಳಕ್ಕಿಂತ ಹೆಚ್ಚು ಅಂಡಾಣುಗಳನ್ನು ತೆಗೆಯತಕ್ಕದ್ದಲ್ಲ. ಕೊಟ್ಟವಳಿಗೆ ಮಗುವಿನ ಮೇಲೆ ಹಕ್ಕೂ ಇಲ್ಲ, ಬಾಧ್ಯತೆಯೂ ಇಲ್ಲ. ಲಿಂಗವನ್ನು ಆರಿಸಿ ಭ್ರೂಣವನ್ನಿಡುವುದು ಅಪರಾಧ. ಇಲ್ಲಿ ವಿಜ್ಞಾನೇಶ್ವರನ ಶರೀರಸೂತ್ರದಿಂದ ನಾವು ಎಷ್ಟು ದೂರ ಬಂದೆವೆಂಬುದು ಕಾಣುತ್ತದೆ. ಅವಯವವು ಅನ್ಯರಿಂದ ಬಂದಿದ್ದರೂ, ಹೊಣೆ ಹೊರುತ್ತೇವೆಂದು ಬರೆದುಕೊಟ್ಟವರೇ ತಂದೆತಾಯಿ. ಆದರೂ ಸರ್ಕಾರದ ಮನಸ್ಸು ಈ ಎರಡು ತತ್ತ್ವಗಳ ನಡುವೆ ತೂಗಾಡಿದುದುಂಟು: ಬಾಡಿಗೆ ತಾಯ್ತನದಲ್ಲಿ ಅಂಡಾಣು ವೀರ್ಯಾಣುಗಳೆರಡೂ ದಂಪತಿಗಳವೇ ಆಗಿರಬೇಕೆಂದು 2023ರ ಮಾರ್ಚಿ 14ರಂದು ನಿಯಮವನ್ನು ಬಿಗಿಮಾಡಲಾಯಿತು, ಹುಟ್ಟಿನಿಂದಲೇ ಗರ್ಭಾಶಯವೂ ಅಂಡಾಣುವೂ ಇಲ್ಲದ ಸ್ತ್ರೀಯೊಬ್ಬಳು ಮೊರೆಹೊಕ್ಕಾಗ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ಅಕ್ಟೋಬರಿನಲ್ಲಿ ಆಕೆಯ ಮಟ್ಟಿಗೆ ಅದಕ್ಕೆ ತಡೆ ನೀಡಿತು, ಆ ಪೀಠದಲ್ಲಿ ನಮ್ಮ ನಾಡಿನವರಾದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದರು. 2024ರ ಫೆಬ್ರುವರಿ 21ರ ತಿದ್ದುಪಡಿಯು ಜಿಲ್ಲಾ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರದ ಮೇಲೆ ಎರಡರಲ್ಲೊಂದನ್ನು ದಾನಿಯಿಂದ ಪಡೆಯುವುದಕ್ಕೆ ದಾರಿಮಾಡಿಕೊಟ್ಟಿತು. ವಿಧವೆ ವಿಚ್ಛೇದಿತೆಯರು ಮಾತ್ರ ತಮ್ಮ ಸ್ವಂತ ಅಂಡಾಣುವನ್ನೇ ಬಳಸಬೇಕೆಂಬ ಕಟ್ಟು ಉಳಿಯಿತು.

ಇನ್ನು ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯದ ಎರಡು ಪ್ರಕರಣಗಳನ್ನು ಹೇಳುತ್ತೇನೆ. ಇಪ್ಪತ್ತಮೂರು ವರ್ಷದ ಮಗನನ್ನು ರಸ್ತೆ ಅಪಘಾತದಲ್ಲಿ ಕಳೆದುಕೊಂಡ ದಂಪತಿಗಳು ಬಾಡಿಗೆ ತಾಯ್ತನವನ್ನು ಬಯಸಿದಾಗ ಪತಿಯು ಐವತ್ತೈದರ ಮಿತಿಯನ್ನು ದಾಟಿದ್ದನು. 2023ರ ಏಪ್ರಿಲ್ 21ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, ವಯಸ್ಸೆಂಬ ಒಂದೇ ಕಾರಣದಿಂದ ಬಾಗಿಲು ಮುಚ್ಚದೆ, ಆನುವಂಶಿಕ, ದೈಹಿಕ, ಆರ್ಥಿಕ ಎಂಬ ಮೂರು ಪರೀಕ್ಷೆಗಳಿಗೆ ದಂಪತಿಗಳನ್ನು ಒಳಪಡಿಸಿ ಅವರ ಕೋರಿಕೆಯನ್ನು ಪರಿಗಣಿಸುವ ಮಾರ್ಗವನ್ನು ತೋರಿದರು. ಈ ಪರೀಕ್ಷೆಗಳ ಒಳತಿರುಳು ಮಗುವಿನ ಯೋಗಕ್ಷೇಮವೇ: ಎಳೆಯ ಮಗುವನ್ನು ಎತ್ತಿ ಆಡಿಸುವ ಮೈಬಲ ತಂದೆಗಿದೆಯೆ, ಅದು ಪ್ರಾಪ್ತವಯಸ್ಸಿಗೆ ಬರುವವರೆಗೆ ಪೋಷಿಸುವ ಅನುಕೂಲವಿದೆಯೆ ಎಂಬುದು. ಶಾಸನವು ಜಾರಿಗೆ ಬರುವ ಮುನ್ನವೇ ಭ್ರೂಣಗಳನ್ನು ಶೈತ್ಯಾಗಾರದಲ್ಲಿರಿಸಿ ಕಾರ್ಯವನ್ನು ಆರಂಭಿಸಿದ್ದ ದಂಪತಿಗಳಿಗೆ ವಯೋಮಿತಿಯು ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2025ರ ಅಕ್ಟೋಬರಿನಲ್ಲಿ ಹೇಳಿದುದನ್ನೂ ಇದರೊಡನೆ ಸೇರಿಸಿಕೊಳ್ಳಬಹುದು.

ಎರಡನೆಯದು ಬಾಡಿಗೆ ತಾಯ್ತನದ ಪ್ರಕರಣವಲ್ಲ, ಬಾಡಿಗೆ ತಾಯ್ತನವೆಂಬ ಸುಳ್ಳಿನ ಪ್ರಕರಣ. 2020ರ ಮೇ ತಿಂಗಳಲ್ಲಿ ಬೆಂಗಳೂರಿನ ಹೆರಿಗೆ ಆಸ್ಪತ್ರೆಯೊಂದರಿಂದ ನವಜಾತ ಶಿಶುವೊಂದು ಕಳವಾಯಿತು. ಅದನ್ನು, ಬಾಡಿಗೆ ತಾಯಿಯಿಂದ ಹುಟ್ಟಿದ ನಿಮ್ಮದೇ ಮಗುವೆಂದು ನಂಬಿಸಿ, ಲಕ್ಷಗಟ್ಟಲೆ ಹಣ ಪಡೆದು, ಕೊಪ್ಪಳದ ದಂಪತಿಗಳಿಗೆ ಒಪ್ಪಿಸಲಾಗಿತ್ತು. ವರ್ಷ ಕಳೆದು ಪೊಲೀಸರು ಪತ್ತೆಹಚ್ಚಿದಾಗ, ಹೆತ್ತವಳು ಒಂದು ಕಡೆ, ಯಾವ ಅಪರಾಧವನ್ನೂ ಅರಿಯದೆ ಸಾಕಿದವಳು ಇನ್ನೊಂದು ಕಡೆ ನಿಂತರು. ಹೆತ್ತವಳಿಗೆ ಬೇರೆ ಮಕ್ಕಳಿದ್ದಾರೆ, ಸಾಕಿದವಳಿಗೆ ಯಾರೂ ಇಲ್ಲ, ಆದುದರಿಂದ ಮಗು ಸಾಕಿದವಳಲ್ಲಿಯೇ ಉಳಿಯಲಿ ಎಂಬ ವಾದವನ್ನು 2021ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು ಒಪ್ಪಲಿಲ್ಲ. ಮಕ್ಕಳು ಇದ್ದವರಿಂದ ಇಲ್ಲದವರಿಗೆ ಸಂಖ್ಯೆಯ ಲೆಕ್ಕದಲ್ಲಿ ಹಂಚತಕ್ಕ ಚರಸ್ವತ್ತಲ್ಲವೆಂಬುದು ಅವರ ತೀರ್ಮಾನದ ಸಾರ. ದೇವಕಿ ಯಶೋದೆಯರ ಪ್ರಸಂಗವೂ ಅಲ್ಲಿ ಪ್ರಸ್ತಾಪಕ್ಕೆ ಬಂದಿತು. ಕಡೆಗೆ ಸಾಕಿದವಳು ತಾನಾಗಿಯೇ ಮಗುವನ್ನು ಒಪ್ಪಿಸಿದಳು. ಹೆತ್ತವಳು, ಬಂದು ಮಗುವನ್ನು ನೋಡಿಹೋಗಲು ಆಕೆಗೆ ಸಮ್ಮತಿಸಿದಳು. ಇಬ್ಬರೂ ಭಿನ್ನ ಮತಗಳವರಾಗಿದ್ದರೂ ಹೀಗೆ ಹೊಂದಿಕೊಂಡರು. ದಂಡಾಧಿಕಾರಿಗಳ ಆದೇಶವಿಲ್ಲದೆ, ಹೆರುವವಳ ಮುಖವನ್ನೂ ಕಾಣಿಸದೆ ‘ಬಾಡಿಗೆ ತಾಯಿಯ ಮಗು’ ಎಂದು ಯಾರಾದರೂ ಕೈಗೆ ಕೊಡಬಂದರೆ ಅದು ಕಳವಿನ ಮಗುವಾಗಿರಬಹುದೆಂಬ ಎಚ್ಚರವನ್ನು ಈ ಪ್ರಕರಣವು ನಮಗೆ ಕಲಿಸಬೇಕು.

ಇಷ್ಟು ಹೇಳಿದ ಮೇಲೆ, ಈ ಶಾಸನದಲ್ಲಿ ನನಗೆ ಕಾಣುವ ಮುಖ್ಯ ಕೊರತೆಯನ್ನು ವಿಜ್ಞಾಪಿಸಿಕೊಳ್ಳುತ್ತೇನೆ. ಹೆಣ್ಣಿನ ಮೇಲಿನ ಬಲಾತ್ಕಾರವೆಲ್ಲ ಹಣದ ರೂಪದಲ್ಲಿ ಬರುತ್ತದೆಂದೂ, ಹಣವನ್ನು ತೆಗೆದುಹಾಕಿದರೆ ಉಳಿಯುವುದು ಶುದ್ಧ ಪರೋಪಕಾರವೆಂದೂ ಅದು ನಂಬಿದಂತಿದೆ. 2019ರ ಮಸೂದೆಯಲ್ಲಿ ಹೆರುವವಳು ಹತ್ತಿರದ ಬಂಧುವೇ ಆಗಿರಬೇಕೆಂದಿತ್ತು. ರಾಜ್ಯಸಭೆಯ ಆಯ್ಕೆ ಸಮಿತಿಯು ಅದನ್ನು ಒಪ್ಪದೆ, ಇಚ್ಛೆಯುಳ್ಳ ಯಾವ ಸ್ತ್ರೀಯಾದರೂ ಆಗಬಹುದೆಂದಿತು. ಕಾಗದದ ಮೇಲೆ ಬಾಗಿಲು ಅಗಲವಾಯಿತು. ಆದರೆ ಬಿಡಿಗಾಸಿಲ್ಲದೆ ಒಂಬತ್ತು ತಿಂಗಳ ಭಾರವನ್ನೂ ಹೆರಿಗೆಯ ಅಪಾಯವನ್ನೂ ಅನ್ಯರಿಗಾಗಿ ಹೊರಲು ಬರುವವರು ವ್ಯವಹಾರದಲ್ಲಿ ಮನೆಯ ಹೆಣ್ಣುಮಕ್ಕಳೇ ಅಲ್ಲವೆ? ಅವಿಭಕ್ತ ಕುಟುಂಬದಲ್ಲಿ ಹಿರಿಯ ಸೊಸೆಗೆ ಮಕ್ಕಳಾಗದೆ ಹೋದಾಗ, ಎರಡು ಮಕ್ಕಳ ತಾಯಿಯಾದ ಕಿರಿಯ ಸೊಸೆಯ ಕಡೆಗೆ ಅತ್ತೆ ನೋಡುವ ನೋಟದಲ್ಲಿ ಪ್ರಾರ್ಥನೆ ಎಷ್ಟು, ಆಜ್ಞೆ ಎಷ್ಟು ಎಂದು ಯಾವ ದಂಡಾಧಿಕಾರಿ ಅಳೆದಾನು? ಹಣ ಪಡೆದವಳು ಹಣ ಬೇಡವೆಂದು ಹೇಳಿ ಹೊರಬರಬಹುದು. ಓರಗಿತ್ತಿಗೆ ಒಲ್ಲೆನೆಂದವಳು ಅದೇ ಮನೆಯಲ್ಲಿ ಅದೇ ಒಲೆಯ ಮುಂದೆ ಬಾಳಬೇಕು. ಆಕೆಗೆ ಅರ್ಥವಾಗುವ ಭಾಷೆಯಲ್ಲಿ ಅಪಾಯಗಳನ್ನೆಲ್ಲ ತಿಳಿಸಿ ಲಿಖಿತ ಸಮ್ಮತಿಯನ್ನು ಪಡೆಯಬೇಕೆಂದೂ, ಭ್ರೂಣವನ್ನು ಗರ್ಭದಲ್ಲಿರಿಸುವ ಮುನ್ನ ಆಕೆ ಆ ಸಮ್ಮತಿಯನ್ನು ಹಿಂತೆಗೆದುಕೊಳ್ಳಬಹುದೆಂದೂ ಅಧಿನಿಯಮದ ಆರನೆಯ ಪ್ರಕರಣವು ಹೇಳುವುದು ಸ್ತುತ್ಯವೇ. ಆದರೆ ಗಂಡನೂ ಭಾವನೂ ಎಡಬಲದಲ್ಲಿ ನಿಂತಿರುವಾಗ ಆಕೆ ಹಾಕುವ ಸಹಿಯು ಸಮ್ಮತಿಗೆ ಸಾಕ್ಷಿಯೋ, ಮೌನಕ್ಕೆ ಸಾಕ್ಷಿಯೋ?

ಹಣವನ್ನು ಮತ್ತೆ ತರಬೇಕೆಂಬುದು ನನ್ನ ವಾದವಲ್ಲ. ಆಣಂದಿನ ಅನುಭವವು ಸಾಕು. ನಾನು ಬಯಸುವುದು ಇಷ್ಟು: ದಂಡಾಧಿಕಾರಿಗಳು ಮಾತಾಪಿತೃತ್ವದ ಆದೇಶವನ್ನು ಕೊಡುವ ಮುನ್ನ, ಹೆರಲಿರುವವಳೊಡನೆ ಬಂಧುಗಳಾರೂ ಇಲ್ಲದ ಕೋಣೆಯಲ್ಲಿ ಪ್ರತ್ಯೇಕವಾಗಿ ಮಾತನಾಡುವ ಪದ್ಧತಿಯು ಬರಬೇಕು, ಆಕೆ ಒಲ್ಲೆನೆಂದರೆ ಆ ಮಾತನ್ನು ಮನೆಯವರಿಗೆ ತಿಳಿಸದೆ, ಬೇರೊಂದು ಕಾರಣದಿಂದ ಅರ್ಜಿಯು ಬಿದ್ದುಹೋಗುವಂತೆ ಮಾಡುವ ದಾಕ್ಷಿಣ್ಯವೂ ಬೇಕು. ಅಂಥ ಪದ್ಧತಿಯು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಮೇರೆಗೆ ಸ್ತ್ರೀಯಾದವಳಿಗೆ ವರಮಾನ ಎಷ್ಟೇ ಇರಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಆದುದರಿಂದ ಹರಿಹರದ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿಯ ಬಾಗಿಲನ್ನು ಆಕೆ ಒಬ್ಬಳೇ ತಟ್ಟಬಹುದು. ದುಡಿಯುವ ಸ್ತ್ರೀಯರಿಗೆ ಇನ್ನೊಂದು ಮಾತು: 2017ರ ತಿದ್ದುಪಡಿಯು ಹೆರಿಗೆ ಸೌಲಭ್ಯ ಅಧಿನಿಯಮದಲ್ಲಿ, ಬಾಡಿಗೆ ತಾಯಿಯಿಂದ ಮಗುವನ್ನು ಪಡೆದವಳಿಗೆ ಹನ್ನೆರಡು ವಾರಗಳ ರಜೆಯನ್ನು ತಂದಿತು, ಕೇಂದ್ರ ಸರ್ಕಾರದ ನೌಕರಿಯಲ್ಲಿರುವವರಲ್ಲಿ ಹೆತ್ತವಳಿಗೂ ಪಡೆದವಳಿಗೂ 180 ದಿನಗಳ ರಜೆಯು 2024ರ ಜೂನಿನಿಂದ ದೊರೆಯುತ್ತಿದೆ.

ಮಕ್ಕಳಿಲ್ಲವೆಂಬ ಕಾರಣದಿಂದ ಸೊಸೆಯನ್ನು ಉಡಿ ತುಂಬುವ ಸಮಾರಂಭಕ್ಕೆ ಕರೆಯದಿರುವ ನಮ್ಮ ನಡತೆಯೂ ಈ ವಿಷಯದಿಂದ ಹೊರತಲ್ಲ. ಸಮಾಜವು ಹೆಣ್ಣಿನ ಮಾನವನ್ನು ಆಕೆಯ ಹೆರಿಗೆಯಿಂದ ಅಳೆಯುವವರೆಗೆ, ಯಾವ ನಿಷೇಧವೂ ದಲ್ಲಾಳಿಗಳ ಹೊಟ್ಟೆಪಾಡಿಗೆ ಅಡ್ಡಿಯಾಗದು. ದತ್ತು ಸ್ವೀಕಾರವು ಶಾಸನಸಮ್ಮತವಾಗಿ ತೆರೆದಿರುವಾಗಲೂ ‘ನಮ್ಮ ರಕ್ತ’ವೇ ಬೇಕೆಂದು ಹಟ ಹಿಡಿಯುವವರು, ರಕ್ತವನ್ನು ಕುರಿತು ಶಾಸನವೇ ತನ್ನ ಪಟ್ಟನ್ನು ಸಡಿಲಿಸಿರುವುದನ್ನು ಒಮ್ಮೆ ಆಲೋಚಿಸಿ ನೋಡಬೇಕು.

ಹನ್ನೆರಡು ಪುತ್ರರನ್ನು ಎಣಿಸಿದ ಕಾಲದ ಶಾಸ್ತ್ರವು ಮಗು ಯಾರ ಸ್ವತ್ತೆಂದು ಕೇಳಿತು. ಇಂದಿನ ಶಾಸನವು ಆ ಪ್ರಶ್ನೆಯನ್ನು ತಿರುಗಿಸಿ, ಮಗುವಿಗೆ ಬಾಧ್ಯರು ಯಾರೆಂದು ಕೇಳಲಾರಂಭಿಸಿರುವುದೇ ನನ್ನ ಅಭಿಪ್ರಾಯದಲ್ಲಿ ಅದರ ದೊಡ್ಡ ಗುಣ. ಹೊತ್ತವಳನ್ನು ಒಬ್ಬಳೇ ಕೂರಿಸಿಕೊಂಡು ನಿನ್ನ ಇಚ್ಛೆ ಏನೆಂದು ಇನ್ನೂ ಕೇಳದಿರುವುದು ಅದರ ದೊಡ್ಡ ದೋಷ. ಮೊದಲನೆಯದನ್ನು ಸಂಸತ್ತು ಮಾಡಿದೆ. ಎರಡನೆಯದನ್ನು ಸರಿಪಡಿಸುವುದಕ್ಕೆ ಮನೆಯ ಹಿರಿಯರು ಯಾವ ತಿದ್ದುಪಡಿಗೂ ಕಾಯಬೇಕಾಗಿಲ್ಲ.